ಹಾಡು ನುಂಗಿದ ಹೆಸರು

ಪ್ರೇಮಾಳ ತಮ್ಮ ಆಕ್ಲೆಂಡಿನಿಂದ ಕಳಿಸಿದ ಪಾರ್ಸೆಲ್ಲಿನಲ್ಲಿ ಎರಡು ಕಂಬಳಿ, ಒಂದು ಡಬ್ಬ ಹಾಲಿನ ಪುಡಿ, ಬೆಂಕಿಪೊಟ್ಟಣದಷ್ಟಿದ್ದ ಒಂದು ಎಂಪಿತ್ರೀ ಪ್ಲೇಯರ್, ಹೆಬ್ಬೆರಳು ಗಾತ್ರದ ಒಂದು ಟ್ರಾನ್ಸ್‌ಮಿಟರ್ ಇದ್ದವು. ದ್ವೀಪದ ಊರಾದ ತವುವಾದ ಸೆಖೆಗೆ ಕಂಬಳಿ ಯಾರಿಗೂ ಬೇಕಿರಲಿಲ್ಲ. ಪ್ಲೇಯರನ್ನು ಮಗಳು ನಿಲೇಶ್ನಿ ಎತ್ತಿಕೊಂಡಳು. ಟ್ರಾನ್ಸ್‌ಮಿಟರನ್ನು ಮಾತ್ರ ಮನೆಯೆಲ್ಲ ತಿರುಗಿಸಿ ಮುರುಗಿಸಿ ನೋಡಿತು.

"ಇದನ್ನ ಸಿಗರೇಟ್ ಲೈಟರ್ ತೂತಿಗೆ ಚುಚ್ಚಬೇಕು ಪಪ್ಪಾ. ಈ ತಂತಿ ಪ್ಲೇಯರಿಗೆ. ಆಮೇಲೆ ಕಾರಿನ ರೇಡಿಯೋನ ಈ ನಂಬರಿಗೆ ತಿರುಗಿಸಿದ್ರೆ ನಮ್ಮ ಹಾಡು ರೇಡಿಯೋದಲ್ಲಿ ಬರುತ್ತೆ," ಎಂದಳು ನಿಲೇಶ್ನಿ.

"ಅಂದ್ರೆ ನಮ್ಮದೇ ಸ್ಟೇಷನ್ನಾ?" ಎಂದ ಬಿಜೇಂದ್ರ.

"ನಮ್ಮದೇ. ಕಾರಿನ ಸುತ್ತ ನಾಲ್ಕು ಮಾರು ಮಾತ್ರ."

ಬಿಜೇಂದ್ರನ ಟ್ಯಾಕ್ಸಿಯ ಕ್ಯಾಸೆಟ್ ಯಂತ್ರ ಒಂದು ಕ್ಯಾಸೆಟ್ಟನ್ನು ನುಂಗಿ ಕೂತು ಮೂರು ವರ್ಷವಾಗಿತ್ತು. ಸ್ಟ್ಯಾಂಡಿನಲ್ಲಿ ಹೊಸ ಕಾರುಗಳ ನಡುವೆ ಅವನ ಹಳೆಯ ಬಿಳಿ ಕಾರನ್ನು ಹುಡುಕಿಕೊಂಡು ಬರುವವರು ಕಡಿಮೆ. ಟ್ರಾನ್ಸ್‌ಮಿಟರ್ ಚುಚ್ಚಿದ ವಾರದಲ್ಲೇ ಅದು ಬದಲಾಯಿತು. ಬ್ಯಾಂಕಿನ ಹುಡುಗಿಯರು, ಆಸ್ಪತ್ರೆಯ ನರ್ಸುಗಳು "ಹಾಡಿನ ಟ್ಯಾಕ್ಸಿ ಎಲ್ಲಿ?" ಎಂದು ಕೇಳಿಕೊಂಡು ಬರತೊಡಗಿದರು. ಸೂಪರ್‌ಮಾರ್ಕೆಟ್ಟಿನ ಕ್ಯಾಶ್ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದ ನಿಲೇಶ್ನಿ ಪ್ರತಿ ಭಾನುವಾರ ಗೆಳತಿಯ ಮನೆಗೆ ಹೋಗಿ ಪ್ಲೇಯರಿಗೆ ಹೊಸ ಹಾಡು ತುಂಬಿಸಿಕೊಂಡು ಬರುತ್ತಿದ್ದಳು.

ತಕರಾರು ಶುರುವಾದದ್ದು ಅಡುಗೆಮನೆಯಲ್ಲಿ. ಅಲ್ಲಿನ ರೇಡಿಯೋ ಬಿಜೇಂದ್ರನ ತಾಯಿ ಧನ್‌ಪತ್ತಿಯದು. ಎಪ್ಪತ್ತೊಂದರ ಆಕೆ ದಿನಕ್ಕೆರಡು ಸಲ, ಮಧ್ಯಾಹ್ನ ಹನ್ನೆರಡೂವರೆಗೆ ಮತ್ತು ಸಂಜೆ ಆರೂ ಮುಕ್ಕಾಲಿಗೆ, ಹಿಂದಿ ಸ್ಟೇಷನ್ನಿನಲ್ಲಿ ಸಾವಿನ ಸುದ್ದಿ ಕೇಳುತ್ತಿದ್ದಳು. ಯಾವ ಊರಿನ ಯಾರು ತೀರಿಕೊಂಡರು, ಯಾರ ಹೆಂಡತಿ, ಯಾರ ತಾಯಿ, ಅಂತ್ಯಕ್ರಿಯೆ ಎಷ್ಟು ಗಂಟೆಗೆ. ಆ ಹತ್ತು ನಿಮಿಷ ಮನೆಯಲ್ಲಿ ಪಾತ್ರೆಯ ಸದ್ದೂ ಆಗುವಂತಿರಲಿಲ್ಲ.

ಒಂದು ಮಧ್ಯಾಹ್ನ ಬಿಜೇಂದ್ರ ಊಟಕ್ಕೆ ಬಂದು ಅಡುಗೆಮನೆ ಗೋಡೆಗೆ ತಾಗಿದ ತಗಡಿನ ಚಪ್ಪರದಡಿ ಕಾರು ನಿಲ್ಲಿಸಿದ. ಒಳಗೆ ಗಂಭೀರವಾಗಿ ಹೆಸರು ಓದುತ್ತಿದ್ದ ರೇಡಿಯೋ ಇದ್ದಕ್ಕಿದ್ದಂತೆ ಡೋಲು ಬಡಿಯತೊಡಗಿತು.

ಧನ್‌ಪತ್ತಿ ರೇಡಿಯೋದ ತಲೆಗೆ ಎರಡು ಬಾರಿಸಿದಳು. ಡೋಲು ನಿಲ್ಲಲಿಲ್ಲ.

"ಪ್ರೇಮಾ, ಸತ್ತವರ ಹೆಸರು ಓದ್ತಾ ಓದ್ತಾ ಇವನಿಗೇನು ಬಂತೇ? ಕುಣಿಯೋಕೆ ಹತ್ತಿದ್ದಾನೆ!"

ಪ್ರೇಮಾ ಕಿಟಕಿಯಿಂದ ನೋಡಿದಳು. "ಅದು ಸ್ಟೇಷನ್ನಲ್ಲ ಅಮ್ಮಾ, ನಿಮ್ಮ ಮಗ."

ಆ ಸಂಜೆ ದಾಲ್, ರೊಟ್ಟಿ, ಟೊಮೆಟೊ ಚಟ್ನಿಯ ಮುಂದೆ ಕೂತು ಎಲ್ಲರೂ ಕೂಗಾಡಿದರು.

"ಬೇರೆ ನಂಬರಿಗೆ ಹಾಕು. ನನ್ನ ಸ್ಟೇಷನ್ನೇ ಬೇಕಾ ನಿಂಗೆ?" ಎಂದಳು ಧನ್‌ಪತ್ತಿ.

"ಆಜಿ, ಈ ಡಬ್ಬಿಗೆ ಇರೋದೇ ನಾಲ್ಕು ನಂಬರು. ಎರಡರಲ್ಲಿ ಬೇರೆ ಸ್ಟೇಷನ್ ಜೋರಾಗಿ ಬರುತ್ತೆ, ಒಂದರಲ್ಲಿ ಬರೀ ಕರಕರ. ನಿನ್ನ ಸ್ಟೇಷನ್ ಇಲ್ಲಿ ಸಣ್ಣಗೆ ಬರೋದು, ಅದಕ್ಕೇ ಇದೊಂದೇ ನೆಟ್ಟಗಿರೋದು," ಎಂದಳು ನಿಲೇಶ್ನಿ.

"ಹಾಗಾದ್ರೆ ಬಿಸಾಕು. ಇವಳ ತಮ್ಮ ಕಳಿಸಿದ ದೆವ್ವ ಅದು."

"ನನ್ನ ತಮ್ಮ ಕಳಿಸಿದ ಹಾಲಿನ ಪುಡೀಲಿ ಈಗ ತಾನೆ ಚಹಾ ಕುಡಿದ್ರಲ್ಲ ಅಮ್ಮಾ, ಅದು ದೆವ್ವ ಆಗಲಿಲ್ವಾ?" ಎಂದಳು ಪ್ರೇಮಾ, ರೊಟ್ಟಿ ಮಗುಚುತ್ತ.

"ಸಾಕು ಮಾಡಿ ಇಬ್ಬರೂ," ಎಂದ ಬಿಜೇಂದ್ರ. "ಅಮ್ಮಾ, ಈಗ ಜನ ನನ್ನ ಕಾರು ಹತ್ತುತಿರೋದೇ ಅದರಿಂದ. ಒಂದು ಹೊತ್ತು ಯಾರು ಸತ್ರು ಅಂತ ಗೊತ್ತಾಗದಿದ್ರೆ ಏನಾಗುತ್ತೆ?"

ಧನ್‌ಪತ್ತಿ ತಟ್ಟೆ ಸರಿಸಿ ಎದ್ದು ಹೋದಳು. ಆಗ ಅದನ್ನು ಮುದುಕಿಯ ಮುನಿಸು ಎಂದುಕೊಂಡು ಎಲ್ಲರೂ ಊಟ ಮುಗಿಸಿದರು.

ಮರುವಾರ ಶನಿವಾರದ ಸಂತೆಯಲ್ಲಿ ಪ್ರೇಮಾಳಿಗೆ ಲಂಬಾಸಾ ಕಡೆಯಿಂದ ಮೆಣಸಿನಕಾಯಿ ತಂದಿದ್ದ ಒಬ್ಬಳು ಸಿಕ್ಕಿದಳು. ಮಾತಿನ ಮಧ್ಯೆ, ತಾಬಿಯಾದ ಸುಖ್‌ರಾಜಿಗೆ ಸಕ್ಕರೆ ಕಾಯಿಲೆ ವಿಪರೀತವಾಗಿ ಒಂದು ಕಾಲು ತೆಗೆದರಂತೆ, ಈಗ ಹೆಚ್ಚು ದಿನ ಇಲ್ಲವಂತೆ ಎಂದಳು. ಸುಖ್‌ರಾಜಿ ಧನ್‌ಪತ್ತಿಯ ಒಡಹುಟ್ಟಿದ ಅಕ್ಕ. ಮದುವೆಯಾಗಿ ಕಡಲಾಚೆಯ ವನುವಾ ಲೇವು ದ್ವೀಪಕ್ಕೆ ಹೋದವಳು. ಮನೆಗೆ ಬಂದ ಪ್ರೇಮಾ ಸೊಪ್ಪಿನ ಕಟ್ಟು ಕೆಳಗಿಡುವ ಮೊದಲೇ ವಿಷಯ ಹೇಳಿದಳು. ಧನ್‌ಪತ್ತಿ, "ಗೊತ್ತು," ಎಂದಳು.

"ಗೊತ್ತಾ? ಯಾವಾಗಿಂದ?"

"ಎರಡು ತಿಂಗಳಿಂದ. ಮಂದಿರದಲ್ಲಿ ಯಾರೋ ಅಂದ್ರು."

ರೇಡಿಯೋ ಮುಂದೆ ಮುದುಕಿ ಯಾಕೆ ಹಾಗೆ ಕಿವಿ ಕೊಟ್ಟು ಕೂರುತ್ತಿದ್ದಳೆಂದು ಪ್ರೇಮಾಳಿಗೆ ಆಗ ತಿಳಿಯಿತು. ಅಕ್ಕತಂಗಿಯರಿಗೆ ಮಾತು ಬಿಟ್ಟು ಇಪ್ಪತ್ತೊಂದು ವರ್ಷ. ಅವರ ತಾಯಿ ತೀರಿಕೊಂಡದ್ದು ಧನ್‌ಪತ್ತಿಯ ಮನೆಯಲ್ಲಿ. ಆ ದಿನ ಬಿರುಗಾಳಿಗೆ ಹಡಗು ತಡವಾಗಿತ್ತು. ಇನ್ನೊಂದು ದಿನ ತಡೆಯೋಣ, ಹಿರಿಮಗಳು ಬರಲಿ ಎಂದು ಕೆಲವರು ಅಂದರೂ ಧನ್‌ಪತ್ತಿ, "ಎತ್ತಿ," ಎಂದಿದ್ದಳು. ಸುಖ್‌ರಾಜಿ ಬಂದಾಗ ಉಳಿದಿದ್ದದ್ದು ಬೂದಿ. "ನನಗೋಸ್ಕರ ಒಂದು ದಿನ ತಡೀಲಿಲ್ಲ ನೀನು," ಎಂದು ಹೇಳಿ, ಒಂದು ಲೋಟ ನೀರನ್ನೂ ಕುಡಿಯದೆ ಅದೇ ಬಸ್ಸಿಗೆ ಮರಳಿದ್ದಳು. ಆಮೇಲೆ ಧನ್‌ಪತ್ತಿ ಬರೆದ ಕಾಗದಗಳಿಗೆ ಉತ್ತರ ಬರಲಿಲ್ಲ. ಆ ಮನೆಯ ಫೋನ್ ಕಡಿದು ಎಷ್ಟೋ ವರ್ಷವಾಗಿತ್ತು. ಅವಳು ಸತ್ತರೆ ಇಲ್ಲಿಗೆ ಗೊತ್ತಾಗುವುದು ರೇಡಿಯೋದಿಂದಲೇ.

"ಈಗಲೇ ಹೋಗಿ ಬನ್ನಿ ಅಮ್ಮಾ," ಎಂದಳು ಪ್ರೇಮಾ.

"ಯಾವ ಮುಖ ಇಟ್ಕೊಂಡು? ಬಾಗಿಲಿಂದ ಓಡಿಸ್ತಾಳೆ. ಸತ್ತ ಮೇಲಾದ್ರೆ ಯಾರೂ ಓಡಿಸೋಲ್ಲ."

ಆ ರಾತ್ರಿಯ ಊಟದಲ್ಲಿ ಮನೆಗೆ ಒಂದು ಕಟ್ಟಳೆ ಆಯಿತು. ಹನ್ನೆರಡೂವರೆಗಾಗಲಿ ಆರೂ ಮುಕ್ಕಾಲಿಗಾಗಲಿ ಮನೆಗೆ ಬರುವುದಾದರೆ, ಮೋರಿಯ ತಿರುವಿನಲ್ಲೇ ಟ್ರಾನ್ಸ್‌ಮಿಟರ್ ಕಿತ್ತಿಡಬೇಕು. ಬಿಜೇಂದ್ರ ಒಪ್ಪಿದ. ಎರಡು ವಾರ ಅದು ತಪ್ಪಲಿಲ್ಲ. ಆದರೂ ಕಾರಿನ ಸದ್ದು ಕೇಳಿದರೆ ಸಾಕು, ಧನ್‌ಪತ್ತಿ ರೇಡಿಯೋವನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೊತ್ತಿಕೊಂಡು ಮನೆಯ ಆಚೆ ತುದಿಗೆ ನಡೆಯುತ್ತಿದ್ದಳು. ಊಟ ಅರ್ಧಕ್ಕಿಳಿಯಿತು. ಪ್ರೇಮಾ ಮೀನಿನ ಸಾರು ಮಾಡಿದರೂ ಎರಡು ತುತ್ತು, ಮರಗೆಣಸು ಬೇಯಿಸಿದರೂ ಎರಡು ತುತ್ತು.

"ಸುದ್ದಿ ಬರದಿದ್ರೆ ಒಳ್ಳೇದಲ್ವಾ ಆಜಿ? ಬದುಕಿದ್ದಾಳೆ ಅಂತ ತಾನೆ?" ಎಂದಳು ನಿಲೇಶ್ನಿ ಒಂದು ದಿನ.

"ಬರದೆ ಇದ್ರೆ ಬದುಕಿದ್ದಾಳೋ, ಬಂದದ್ದು ನಂಗೆ ಕೇಳಿಸಲಿಲ್ವೋ, ಹೇಗೆ ಗೊತ್ತಾಗಬೇಕು?"

ಮೂರನೆಯ ವಾರದ ಶುಕ್ರವಾರ. ಬಿಜೇಂದ್ರ ಮಗಳನ್ನೂ ಅವಳ ಮೂವರು ಜೊತೆಗಾತಿಯರನ್ನೂ ಕೆಲಸದಿಂದ ಕರೆತಂದ. ವಾರದ ಕೊನೆ, ಹುಡುಗಿಯರು ದಾರಿಯುದ್ದಕ್ಕೂ ಹಾಡಿದರು. ಅವರನ್ನಿಳಿಸಿ ಮೋರಿಯ ತಿರುವಿಗೆ ಬಂದಾಗ ಬಿಜೇಂದ್ರ, "ಕೀಳು," ಎಂದ.

"ಇನ್ನೊಂದು ಸಾಲು ಪಪ್ಪಾ, ಮುಗೀತು."

ಅವನೂ ಸುಮ್ಮನಾದ. ಕಾರು ಚಪ್ಪರದಡಿ ಹೋಗಿ ನಿಂತಿತು.

ಅಡುಗೆಮನೆಯಿಂದ ಬಂದ ಕೂಗು ಇಬ್ಬರಿಗೂ ಕೇಳಿಸಿತು. ಓಡಿ ಒಳಗೆ ಹೋದರೆ ಧನ್‌ಪತ್ತಿ ರೇಡಿಯೋವನ್ನು ಅಲುಗಾಡಿಸುತ್ತಿದ್ದಳು.

"ತಾಬಿಯಾ ಅಂದ. ಲಂಬಾಸಾ, ತಾಬಿಯಾ. ಶ್ರೀಮತಿ ಸುಖ್ ಅಂದ. ಸುಖ್ ಅಂದ್ಬಿಟ್ಟು ನಿಮ್ಮ ಹಾಡು ಬಂತು!"

ನಿಲೇಶ್ನಿ ಹೊರಗೋಡಿ ತಂತಿ ಕಿತ್ತಳು. ರೇಡಿಯೋ ಮತ್ತೆ ಮಾತಾಡಿತು, ಆದರೆ ಆಗಲೇ ಸಿಗತೋಕಾದ ಯಾರದೋ ಹೆಸರು ನಡೆದಿತ್ತು.

"ಸುಖ್ ಅಂದ ಮೇಲೆ ಏನಂದ? ನೆನಪು ಮಾಡ್ಕೊಳ್ಳಿ ಅಮ್ಮಾ," ಎಂದ ಬಿಜೇಂದ್ರ.

"ನಿನ್ನ ಡೋಲು ಅಂದ!"

ಪ್ರೇಮಾ ಬೇಲಿಯಾಚೆಯ ಮೈನಾವತಿಯನ್ನು ಕೂಗಿ ಕೇಳಿದಳು. "ನಮ್ಮ ರೇಡಿಯೋದಲ್ಲೂ ನಿಮ್ಮ ಹಾಡೇ ಬಂತಲ್ಲ ಅಕ್ಕಾ," ಎಂದಳು ಅವಳು. "ನಾನು ಇದು ಹೊಸ ಪ್ರೋಗ್ರಾಮು ಅನ್ಕೊಂಡೆ." ಬಿಜೇಂದ್ರ ಮೂಲೆ ಅಂಗಡಿಯ ಹನೀಫನ ಹತ್ತಿರ ಓಡಿದ. ಹನೀಫ್ ಆ ಹೊತ್ತಿಗೆ ಬೇಳೆ ತೂಗುತ್ತಿದ್ದ. "ತಾಬಿಯಾ ಅಂದದ್ದು ನಿಜ. ನಾಳೆ ಮೂರು ಗಂಟೆಗೆ ಅಂತ್ಯಕ್ರಿಯೆ ಅಂದದ್ದೂ ನಿಜ. ಹೆಸರು ಸುಖ್‌ರಾಜಿ ಅಂದ ಹಾಗೇ ಇತ್ತು. ಆಣೆ ಇಡು ಅಂದ್ರೆ ಇಡಲಾರೆ ಭಾಯಿ." ನಿಲೇಶ್ನಿ ಸ್ಟೇಷನ್ನಿಗೆ ಫೋನ್ ಮಾಡಿದಳು. ಎತ್ತಿದವನು ಕಾವಲುಗಾರ. "ಓದೋರು ಓದಿ ಹೋದ್ರು. ಆ ಕಾಗದ ಎಲ್ಲಿಟ್ಟಿದ್ದಾರೋ ನಂಗೆ ಗೊತ್ತಿಲ್ಲ. ಬೆಳಿಗ್ಗೆ ಎಂಟಕ್ಕೆ ಮಾಡಿ ತಂಗಿ."

ಬೆಳಿಗ್ಗೆ ಏಳಕ್ಕೆ ಎಲಿಂಗ್ಟನ್ ದಕ್ಕೆಯಿಂದ ಹಡಗು. ಫೋನ್ ಇರುವುದು ಮನೆಯಲ್ಲಿ ಮಾತ್ರ, ಹಡಗು ಹತ್ತಿದರೆ ಎಂಟಕ್ಕೆ ಕೇಳುವಂತಿಲ್ಲ; ಅದು ತಪ್ಪಿದರೆ ಮೂರು ಗಂಟೆಗೆ ತಾಬಿಯಾ ಸೇರುವುದು ಸಾಧ್ಯವಿರಲಿಲ್ಲ.

"ಹೋಗೋದು," ಎಂದಳು ಧನ್‌ಪತ್ತಿ.

"ಅಮ್ಮಾ, ಸರಿಯಾಗಿ ಗೊತ್ತಿಲ್ಲದೆ ಹೇಗೆ ಹೋಗೋದು?" ಎಂದಳು ಪ್ರೇಮಾ. "ತಾಬಿಯಾದಲ್ಲಿ ಸುಖ್ ಅಂತ ಶುರುವಾಗೋ ಹೆಂಗಸರು ಎಷ್ಟು ಜನ ಇದ್ದಾರೋ. ಅವರು ಬದುಕಿದ್ರೆ? ಸತ್ತ ಮನೆಗೆ ಹೋಗೋ ಹಾಗೆ ಹೋಗಿ ನಿಂತ್ರೆ ಅವರು ಏನಂದ್ಕೋಬೇಕು?"

"ಸತ್ತಿದ್ರೆ? ನಾನು ಮನೇಲಿ ಕೂತು ಎಂಟು ಗಂಟೆ ಆಗಲಿ ಅಂತ ಕಾಯ್ಬೇಕಾ?"

ನಿಲೇಶ್ನಿ ಅಳತೊಡಗಿದಳು. "ನನ್ನಿಂದ ಆಯ್ತು ಆಜಿ. ಪಪ್ಪಾ ಕೀಳು ಅಂದ್ರು, ನಾನು ಕೀಳಲಿಲ್ಲ."

"ಅಳೋದು ನಾಳೆಗಿಟ್ಕೋ, ಬೇಕಾಗುತ್ತೆ," ಎಂದಳು ಧನ್‌ಪತ್ತಿ. "ಈಗ ಸಾವಿಗೆ ಹೊದೆಯೋ ನನ್ನ ಬಿಳಿ ಒಢನಿ ಇಸ್ತ್ರಿ ಮಾಡು."

ಪ್ರೇಮಾ ಆಮೇಲೆ ಒಂದು ಮಾತೂ ವಾದಿಸಲಿಲ್ಲ. ದಾರಿಗೆಂದು ಆಲೂಗಡ್ಡೆ ಪಲ್ಯದ ರೊಟ್ಟಿ ಸುತ್ತಿದಳು. ಸಾವಿನ ಮನೆಗೆ ಕೊಡಲು ಹನೀಫನ ಅಂಗಡಿಯಿಂದ ಅಕ್ಕಿ, ಹಿಟ್ಟು, ಸಕ್ಕರೆ, ಚಹಾಪುಡಿ ತರಿಸಿ ಡಿಕ್ಕಿಗೆ ಹಾಕಿಸಿದಳು.

ಬೆಳಕು ಹರಿಯುವ ಮೊದಲೇ, ಪ್ರೇಮಾಳನ್ನು ಮನೆಯಲ್ಲಿ ಬಿಟ್ಟು, ಉಳಿದ ಮೂವರೂ ಹೊರಟರು. ಹಡಗಿನ ಕೆಳ ಅಂಕಣದಲ್ಲಿ ಕಬ್ಬಿನ ಲಾರಿಗಳ ನಡುವೆ ಕಾರು ನಿಂತಿತು. ಮೇಲಿನ ಬೆಂಚಿನಲ್ಲಿ ಧನ್‌ಪತ್ತಿ ನೀರನ್ನೇ ನೋಡುತ್ತ ಕೂತಳು. ಬಿಜೇಂದ್ರ ರೊಟ್ಟಿ ಬಿಚ್ಚಿ ಕೊಟ್ಟರೆ ತಲೆಯಾಡಿಸಿದಳು.

"ಮೂರಕ್ಕೆ ಮುಂಚೆ ಮುಟ್ಟುತ್ತಾ?"

"ಮುಟ್ಟುತ್ತೆ ಅಮ್ಮಾ."

"ಹೆಣ ಬೇಗ ಎತ್ತಿಬಿಟ್ರೆ?"

ಈ ಮಾತನ್ನು ಅವಳು ಹಡಗಿನಲ್ಲಿ ನಾಲ್ಕು ಸಲ, ನಂಬೋವಾಲುವಿನಲ್ಲಿಳಿದು ಜಲ್ಲಿ ರಸ್ತೆ ಹಿಡಿದ ಮೇಲೆ ಎಷ್ಟು ಸಲವೋ ಕೇಳಿದಳು. ಕಾರು ಗುಂಡಿಗಳಲ್ಲಿ ಎತ್ತಿ ಹಾಕುತ್ತಿತ್ತು. ಹನ್ನೆರಡೂವರೆ ಹೊತ್ತಿಗೆ ಅವರು ಗುಡ್ಡಗಳ ನಡುವೆ ಇದ್ದರು. ಮಧ್ಯಾಹ್ನದ ಸುದ್ದಿಯಲ್ಲಿ ಅದೇ ಹೆಸರು ಮತ್ತೆ ಓದುತ್ತಾರೆಂದು ನಿಲೇಶ್ನಿ ಮುಂದಿನ ಸೀಟಿನಲ್ಲಿ ಬಗ್ಗಿ ರೇಡಿಯೋದ ಗುಂಡಿಯನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಹೋದಳು. ಬರೀ ಸುಯ್ಯೆನ್ನುವ ಸದ್ದು. ಒಂದು ಏರಿನ ನೆತ್ತಿಯಲ್ಲಿ ಗಂಡಸಿನ ದನಿ, "ಅಗಲಿದ ಶ್ರೀಮತಿ..." ಎಂದಿತು.

"ನಿಲ್ಲಿಸಿ ಪಪ್ಪಾ!"

ಬಿಜೇಂದ್ರ ಬ್ರೇಕು ಒತ್ತಿದ. ಕಾರು ನಿಲ್ಲುವಷ್ಟರಲ್ಲಿ ದನಿ ಹೋಗಿತ್ತು. ಹಿಂದಕ್ಕೆ ತಂದು ನೋಡಿದ, ಮುಂದಕ್ಕೆ ತಂದು ನೋಡಿದ. ಹಿಂದೆ ಬಂದ ಬಸ್ಸು ಹಾರ್ನ್ ಹೊಡೆಯಿತು.

"ಬಿಡು," ಎಂದಳು ಧನ್‌ಪತ್ತಿ ಹಿಂದಿನ ಸೀಟಿನಿಂದ. "ಹೊತ್ತು ಹಾಳು ಮಾಡಬೇಡ. ಓಡಿಸು."

ತಾಬಿಯಾದ ಆ ಓಣಿ ಮುಟ್ಟಿದಾಗ ಎರಡೂವರೆ ದಾಟಿತ್ತು. ಓಣಿಯ ತುಂಬ ಕಾರುಗಳು. ಮುಂದೆ ತಗಡಿನ ಚಪ್ಪರ, ಅದರಡಿ ಚಾಪೆಯ ಮೇಲೆ ಗಂಡಸರು. ಇಪ್ಪತ್ತೊಂದು ವರ್ಷದ ಹಿಂದಿನ ಮನೆಯ ಗುರುತು ಧನ್‌ಪತ್ತಿಗೆ ಸಿಕ್ಕಿತು: ನೀಲಿ ಬಣ್ಣದ ಮರದ ಮನೆ, ಎದುರಿಗೆ ಹಲಸು. ಬಿಜೇಂದ್ರ ಕಾರು ನಿಲ್ಲಿಸುವ ಮೊದಲೇ ಬಾಗಿಲು ತೆಗೆದು ಇಳಿದಳು. ಬಿಳಿ ಒಢನಿ ತಲೆಗೆಳೆದುಕೊಂಡು, ಗೇಟು ಹಿಡಿದು, "ದೀದೀ, ನನ್ನ ದೀದೀ, ನನ್ನ ಬಿಟ್ಟು ಹೋದ್ಯಾ," ಎಂದು ದನಿಯೆತ್ತಿ ಅತ್ತಳು.

ವರಾಂಡದಿಂದ ಒಂದು ಒಡಕು ದನಿ ಬಂತು. "ಯಾರಮ್ಮಾ ಅದು? ಸಾವು ಇಲ್ಲಲ್ಲ. ಆ ಮುಂದಿನ ಮನೆ, ಸುಖ್‌ದೇಯಿದು."

ಧನ್‌ಪತ್ತಿ ಅಳು ನಿಲ್ಲಿಸಿ ತಲೆಯೆತ್ತಿದಳು. ವರಾಂಡದ ಕುರ್ಚಿಯಲ್ಲಿ, ಮೊಣಕಾಲಿನ ಕೆಳಗೆ ಖಾಲಿ ಬಿದ್ದಿದ್ದ ಲಂಗವನ್ನು ಮಡಚಿ ಸಿಕ್ಕಿಸಿಕೊಂಡು, ಒಬ್ಬ ಮುದುಕಿ ಕೂತಿದ್ದಳು. ಮನೆಯಲ್ಲಿ ಬೇರೆ ಯಾರೂ ಕಾಣಲಿಲ್ಲ.

ಆ ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು.

"ಧನ್ನೋ?"

"ಹೂಂ ದೀದಿ."

"ನಾನು ಸತ್ತೆ ಅಂತ ಬಂದ್ಯಾ?"

ಧನ್‌ಪತ್ತಿ ಗೇಟು ಬಿಡಲಿಲ್ಲ. "ಹೂಂ," ಎಂದಳು.

"ಬದುಕಿದ್ದೀನಿ ಅಂತ ಗೊತ್ತಿದ್ರೆ ಬರ್ತಿರಲಿಲ್ಲ."

ನಿಲೇಶ್ನಿ ಅಜ್ಜಿಯ ಹಿಂದೆ ಬಂದು ನಿಂತು, ತಡೆಯಲಾರದೆ ಹೇಳಿದಳು. "ನನ್ನ ತಪ್ಪು ದೊಡ್ಡ ಆಜಿ. ಆಜಿ ಎರಡು ತಿಂಗಳಿಂದ ದಿನಾ ರೇಡಿಯೋ ಹಿಡ್ಕೊಂಡು ನಿಮ್ಮ ಹೆಸರು ಬರುತ್ತಾ ಅಂತ ಕೂತಿರ್ತಾಳೆ. ಊಟಾನೂ ಮಾಡ್ತಿಲ್ಲ. ನಿನ್ನೆ ಸುಖ್ ಅಂದಾಗ ನನ್ನ ಹಾಡು ಅಡ್ಡ ಬಂತು."

ಸುಖ್‌ರಾಜಿ ಹುಡುಗಿಯ ಮುಖ ನೋಡಿದಳು. "ನೀನು ಬಿಜೇಂದ್ರನ ಮಗಳಾ?"

"ಹೌದು."

"ನಿನ್ನ ಆಜಿ ಬದುಕಿರೋರಿಗೆ ಕಾಗದ ಬರೀತಿದ್ಲು. ಮೂರು ಬಂದ್ವು. ನಾನೇ ಒಡೀಲಿಲ್ಲ." ಆಮೇಲೆ ತಂಗಿಯ ಕಡೆ ತಿರುಗಿ, "ಬಿಸಿಲಲ್ಲಿ ಯಾಕೆ ನಿಂತಿದ್ದೀಯ? ಒಳಗೆ ಬಾ. ಮೊದಲು ಆ ಬಿಳಿ ಬಟ್ಟೆ ತೆಗಿ, ನನ್ನ ಕಣ್ಣೆದುರು ಬೇಡ," ಎಂದಳು.

ಧನ್‌ಪತ್ತಿ ಮೆಟ್ಟಿಲು ಹತ್ತಿ ಅಕ್ಕನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಒಢನಿ ತೆಗೆದು ಉಂಡೆ ಮಾಡಿ ಹಿಡಿದುಕೊಂಡಳು. ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟಲಿಲ್ಲ. ಬಿಜೇಂದ್ರ ಅಕ್ಕಿ ಹಿಟ್ಟಿನ ಚೀಲ ಹೊತ್ತು ತಂದು ಎಲ್ಲಿಡುವುದೆಂದು ತಿಳಿಯದೆ ನಿಂತ.

"ನನ್ನ ಸಾವಿಗೆ ತಂದದ್ದಾ?" ಎಂದಳು ಸುಖ್‌ರಾಜಿ. "ಒಳಗಿಡು, ನಾನೇ ತಿಂತೀನಿ. ಸಕ್ಕರೆ ಮಾತ್ರ ಆ ಮನೆಗೆ ಕೊಡು."

ಓಣಿಯ ಕಡೆಯಿಂದ ಅಳು ಜೋರಾಯಿತು. ಸುಖ್‌ರಾಜಿಯ ಕುತ್ತಿಗೆ ಅತ್ತ ತಿರುಗಿತು.

"ಎತ್ತುತ್ತಿದ್ದಾರೆ," ಎಂದಳು. "ನಲವತ್ತು ವರ್ಷ ಒಂದೇ ಬಾವಿಯ ನೀರು ಕುಡಿದವರು ನಾವು. ನನ್ನ ಮಗ, ಸೊಸೆ, ಎಲ್ಲ ಅಲ್ಲಿದ್ದಾರೆ. ನನ್ನನ್ನ ಹೊತ್ಕೊಂಡು ಹೋಗೋರು ಯಾರು ಅಂತ ಇಲ್ಲೇ ಕೂರಿಸಿ ಹೋದ್ರು. ಅವಳ ಮುಖಾನೂ ನೋಡೋ ಹಾಗಿಲ್ಲ ನಂಗೆ."

ಧನ್‌ಪತ್ತಿ ಥಟ್ಟನೆ ಎದ್ದಳು. "ಬಿಜೇಂದ್ರಾ, ದೀದೀನ ಎತ್ಕೋ."

ಬಿಜೇಂದ್ರ ದೊಡ್ಡಮ್ಮನನ್ನು ಎರಡೂ ತೋಳಲ್ಲಿ ಎತ್ತಿಕೊಂಡ. ಒಣಗಿದ ಕಬ್ಬಿನಷ್ಟು ಹಗುರವಾಗಿದ್ದಳು. ಹಿಂದಿನ ಸೀಟಿನಲ್ಲಿ ಕೂರಿಸಿದರು. ಧನ್‌ಪತ್ತಿ ಪಕ್ಕದಲ್ಲಿ ಕೂತು ಅವಳ ಭುಜ ಬಿಗಿಯಾಗಿ ಹಿಡಿದಳು. ಇನ್ನೂರು ಗಜದ ದಾರಿ. ಅಡ್ಡ ನಿಂತ ಕಾರುಗಳ ನಡುವೆ ಬಿಜೇಂದ್ರ ಹಾರ್ನ್ ಒತ್ತುತ್ತ, ಒಂದು ಚಕ್ರವನ್ನು ಚರಂಡಿಯ ಅಂಚಿಗಿಳಿಸಿ ನುಗ್ಗಿಸಿದ. ಸಾವಿನ ಮನೆಯ ಮುಂದೆ ಹಾರ್ನ್ ಹೊಡೆಯುವವನು ಯಾರೆಂದು ಜನ ಸಿಟ್ಟಿನಿಂದ ತಿರುಗಿ ನೋಡಿದರು.

ಹೆಣದ ಪೆಟ್ಟಿಗೆಗೆ ಮುಚ್ಚಳ ಹಾಕಿ ಆರು ಜನ ಹೆಗಲು ಕೊಟ್ಟಾಗಿತ್ತು. ಪಂಡಿತರು ಕೈಗಡಿಯಾರ ನೋಡುತ್ತಿದ್ದರು. ಮುಂದಿನ ಇಬ್ಬರು ಗೇಟಿನತ್ತ ಹೆಜ್ಜೆ ಹಾಕಿದರು.

"ಹೋಗಿಬಿಡ್ತು," ಎಂದಳು ಸುಖ್‌ರಾಜಿ ಸೀಟಿನಲ್ಲೇ ಕುಸಿದು. "ಬಿಡು ಧನ್ನೋ, ಅವರಿಗೆ ಹೊತ್ತಾಗಿದೆ."

ಧನ್‌ಪತ್ತಿ ಕಾರಿನಿಂದಿಳಿದು ಗೇಟಿಗೆ ಅಡ್ಡ ನಿಂತಳು. ಅಪರಿಚಿತ ಮುದುಕಿ, ತಲೆಯ ಮೇಲೆ ಬಟ್ಟೆಯಿಲ್ಲ, ಕೂದಲು ಕೆದರಿತ್ತು. ಎರಡೂ ಕೈ ಅಗಲಿಸಿದಳು.

"ಇಳಿಸಿ!"

"ಯಾರಮ್ಮಾ ನೀವು? ಪಂಚಾಂಗ ನೋಡಿ ಇಟ್ಟ ಹೊತ್ತು ಇದು," ಎಂದರು ಪಂಡಿತರು.

"ಇನ್ನೊಂದು ಗಳಿಗೆ ಹೋದ್ರೆ ಹೋಗಲಿ. ನನ್ನ ಅಕ್ಕ ಬಂದಿದ್ದಾಳೆ, ಅವಳು ಮುಖ ನೋಡಬೇಕು. ನೋಡೋ ತನಕ ನಾನು ಇಲ್ಲಿಂದ ಕದಲೋಲ್ಲ."

ಆರೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಪೆಟ್ಟಿಗೆಯನ್ನು ಮತ್ತೆ ಬೆಂಚಿನ ಮೇಲಿಳಿಸಿದರು. ಮುಚ್ಚಳ ತೆರೆಯುವ ಸದ್ದು ಕೇಳಿ ಸುಖ್‌ರಾಜಿ ಕಾರಿನೊಳಗಿನಿಂದ ಎರಡೂ ಕೈ ಚಾಚಿದಳು, ಬಿಜೇಂದ್ರ ಎತ್ತಿಕೊಳ್ಳಲು ಬಗ್ಗಿದ.

"ನಿಧಾನ," ಎಂದಳು ಧನ್‌ಪತ್ತಿ, ಗೇಟಿನಿಂದ ಕೈ ಇಳಿಸದೆ. "ಅವಸರ ಮಾಡಬೇಡ. ಇವರು ಕಾಯ್ತಾರೆ."